ಮಾರ್ಚಿನಲ್ಲಿ ಮತ ಹಾಕದ ಅಂಕಲ್

ಆ ಅಂಕಲ್ ಅವರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಮೆರಿಕದ ಅಲೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಹುಬ್ಬಳ್ಳಿಯವರು. ಅವರ ಮಗಳು ಅಪ್ಪನ ವೀಸಾದ ಆಸರೆಯಲ್ಲಿ ಇಲ್ಲೇ ಬೆಳೆದವಳು. ಇಪ್ಪತ್ತೊಂದು ತುಂಬಿದರೆ ಆ ಆಸರೆ ತಪ್ಪುತ್ತಿತ್ತು. ಅಪ್ಪನ ಗ್ರೀನ್ ಕಾರ್ಡಿನ ಸರದಿಯೇ ಇನ್ನೂ ಬಂದಿರಲಿಲ್ಲ. ಕಾನೂನು ಬದಲಾಗದಿದ್ದರೆ ಹುಡುಗಿ ದೇಶ ಬಿಡಬೇಕು.

ಅಷ್ಟರಲ್ಲಿ ಅಧ್ಯಕ್ಷರು ಟಿವಿಯಲ್ಲಿ ಕಾನೂನು ತಿದ್ದಲೇಬೇಕು ಎಂದರು. ನಮ್ಮ ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ರಾಜಕೀಯವೆಂದರೆ ಮೈಸೂರಿನ ಒಬ್ಬ ಅಂಕಲ್. ಇಲ್ಲಿನ ಪೌರತ್ವ ಪಡೆದು ಎಷ್ಟೋ ಕಾಲವಾಗಿತ್ತು. ಬಿಸಿಬೇಳೆಬಾತಿನ ತಟ್ಟೆ ಹಿಡಿದೇ ತೀರ್ಪು ಕೊಟ್ಟರು.

"ಹೈಕಮಾಂಡೇ ಹೇಳಿದ್ಮೇಲೆ ಕೆಳಗಿನೋರು ಕಮಕ್ ಕಿಮಕ್ ಅನ್ನಲ್ಲ. ನಮ್ಮ ವಿಧಾನಸೌಧದಲ್ಲಿ ನೋಡಿಲ್ವೇನಮ್ಮ? ದೆಹಲಿಯಿಂದ ಒಂದು ಫೋನ್ ಬಂದ್ರೆ ಮುಗೀತು!"

ನಂಬಿದೆವು. ಅಧ್ಯಕ್ಷರಿಗೆ ಮನವಿಯ ಮೇಲೆ ಮನವಿ ಕಳಿಸಿದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದರು ನಮ್ಮಜ್ಜಿ. ಪೂಜಾರಿ, ಅಂದರೆ ನಮ್ಮ ಕ್ಷೇತ್ರದ ಸಂಸದರ ಕಚೇರಿ, ಕೂಗಳತೆಯಲ್ಲೇ ಇತ್ತು. ಅತ್ತ ಯಾರೂ ತಲೆ ಹಾಕಲಿಲ್ಲ. ಕಾನೂನು ತಿದ್ದುವ ಮಸೂದೆ ಸಂಸತ್ತಿನಲ್ಲಿ ಅಲ್ಲಾಡದೆ ಬಿದ್ದುಕೊಂಡ ಮೇಲೆ ಹುಡುಗಿಯ ತಾಯಿ, ನಾನು, ಅಂಕಲ್ ಅಲ್ಲಿಗೆ ಹೋದೆವು.

ಕಚೇರಿಯ ತರುಣಿ ಮರ್ಯಾದೆಯಿಂದಲೇ ಹೇಳಿದಳು. ಅಧ್ಯಕ್ಷರು ಬೇರೆ ಪಕ್ಷದವರು, ಈ ಕ್ಷೇತ್ರದಲ್ಲಿ ಹೀನಾಯವಾಗಿ ಸೋತವರು. ಅವರ ಮಾತಿಗೆ ತಲೆಯಾಡಿಸಿದರೆ ಸಂಸದರಿಗೇ ಕುತ್ತು. ಸಂಸದರಿಗೆ ಟಿಕೆಟ್ ಕೊಡುವುದು ವಾಷಿಂಗ್ಟನ್ ಅಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸಲು ಮಾರ್ಚಿನಲ್ಲಿ ನಡೆಯುವ ಪ್ರೈಮರಿ ಎಂಬ ಒಳಚುನಾವಣೆಗೆ ಬಂದು ಮತ ಹಾಕುವ ಕೆಲವೇ ಜನ. ನಿಮ್ಮಲ್ಲಿ ಯಾರಾದರೂ ಬರುತ್ತೀರಾ?

ನಮಗಿಬ್ಬರಿಗೂ ಮತವಿಲ್ಲ. ಅಂಕಲ್ ಕಡೆ ತಿರುಗಿದೆವು. ಅವರು ಕಾರಿನ ಕೀ ಹುಡುಕುತ್ತಿದ್ದರು.

"ನವೆಂಬರ್ ಎಲೆಕ್ಷನ್ನಲ್ಲಿ ತಪ್ಪದೆ ಹಾಕ್ತೀನಪ್ಪ. ಮಾರ್ಚಿಂದೆಲ್ಲ ಯಾರು..."

ಪಾರ್ಕಿಂಗ್‌ನಲ್ಲಿ ಆ ತಾಯಿ ಕಿಡಿಯಾದರು. "ಇಷ್ಟ್ ದಿನ ಮನಿಮನಿಗೆ ಹೋಗಿ ಭಾಷಣ ಬಿಗಿದ್ರಲ್ರಿ! ಮತ ಇದ್ದಾವ್ರು ನೀವು. ಮಾರ್ಚ್‌ನಾಗ ಏನ್ ಹಪ್ಪಳ ಒಣಗಿಸ್ತಿದ್ರೇನ್ರಿ?"

"ಸಿಟ್ ಮಾಡ್ಕೋಬೇಡಮ್ಮ, ಸಿಸ್ಟಂ ಹಾಗಿದೆ."

"ಸಿಸ್ಟಂ ಅಲ್ಲ ಅಂಕಲ್," ಎಂದೆ, "ಸೋಮಾರಿತನ."

ಸೀಟಿನ ಭಯಕ್ಕೆ ಬಾಯಿ ಮುಚ್ಚಿದ ಸಂಸದರ ಮೇಲೂ ಸಿಟ್ಟಿತ್ತು. ಆದರೆ ಅವರು ಯಾರಿಗೆ ಹೆದರಬೇಕಿತ್ತೋ ಆ ಮತದಾರರಲ್ಲಿ ಒಬ್ಬರು ನಮ್ಮ ಜೊತೆಗೇ ಕೂತು ಹಪ್ಪಳ ಮುರಿಯುತ್ತಿದ್ದರಲ್ಲ!

ಇಪ್ಪತ್ತೊಂದು ತುಂಬಿ ಹುಡುಗಿ ಕೆನಡಾಕ್ಕೆ ಹೊರಟ ದಿನ ಅಂಕಲ್ ಏರ್‌ಪೋರ್ಟಿಗೂ ಬಂದರು. "ಮುಂದಿನ ಪ್ರೈಮರಿಗೆ ಖಂಡಿತ ಹೋಗ್ತೀನಮ್ಮ" ಎಂದರು.

"ಹೋಗಿ. ಈಗ ಅವಳ ಸೂಟ್‌ಕೇಸ್ ಎತ್ತಿ," ಎಂದೆ.

ಎತ್ತಿದರು. ಹುಡುಗಿ ನಗುತ್ತ "ಥ್ಯಾಂಕ್ಯೂ ಅಂಕಲ್" ಎಂದಳು. ಅದನ್ನು ಕೇಳಿ ನನ್ನ ಸಿಟ್ಟು ಇನ್ನಷ್ಟು ಏರಿತು.