ಒಂದಂಕಿಯ ಆಚೆ ನನ್ನ ಗಂಡ

ನನ್ನ ಗಂಡ ಕ್ಷೌರದಂಗಡಿ ನಡೆಸುತ್ತಿದ್ದರು. ಕುರ್ಚಿಯಲ್ಲಿ ಕೂತವರು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕುತ್ತಿದ್ದರು. ಅತ್ತೆಯ ಜಗಳ, ಮಗಳ ಪ್ರೇಮ, ಹೆಂಡತಿಗೂ ಹೇಳದ ಸಕ್ಕರೆ ಕಾಯಿಲೆ. ಇವರು ಅದನ್ನೆಲ್ಲ ಅಲ್ಲೇ ಬಿಟ್ಟು ಬರುತ್ತಿದ್ದರು. ನಾನು ಕೆದಕಿದರೆ, "ಅದು ಅವರ ಮನೆ ಸುದ್ದಿ ಕಣೇ, ನಿನಗ್ಯಾಕೆ" ಎನ್ನುತ್ತಿದ್ದರು.

ಇವರಿಗೆ ಕೆಮ್ಮು ಬಿಡಲಿಲ್ಲವೆಂದು ಪರೀಕ್ಷೆ ಮಾಡಿಸಿದೆವು. ಲ್ಯಾಬಿನವರು ರಿಪೋರ್ಟನ್ನು ಕೈಗೆ ಕೊಡದೆ ಮೊಬೈಲಿಗೆ ಲಿಂಕ್ ಕಳಿಸಿದರು. ಕ್ಷಯ. ಕೆಲವು ವಾರ ಅಂಗಡಿ ಮುಚ್ಚಿ ಮಾತ್ರೆ ನುಂಗಿ, ಆಮೇಲೆ ಯಾರಿಗೂ ಅಂಟುವುದಿಲ್ಲ, ಆರು ತಿಂಗಳು ಬಿಡದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಬೆನ್ನು ನೋವೆಂದು ಬಾಗಿಲಿಗೆ ಬೋರ್ಡು ಹಾಕಿದೆವು.

ಎದುರಿನ ಚಪ್ಪಲಿ ಅಂಗಡಿಯವನೂ ಅದೇ ದಿನ ಅಲ್ಲೇ ಪರೀಕ್ಷೆಗೆ ರಕ್ತ ಕೊಟ್ಟಿದ್ದ. ಅವನ ಲಿಂಕಿನ ಕೊನೆಯಲ್ಲೊಂದು ನಂಬರು. ಕೆಲಸವಿಲ್ಲದೆ ಕೂತವನು ಒಂದಂಕಿ ಅಳಿಸಿ ಇನ್ನೊಂದು ಒತ್ತಿದ. ನೀನು ಯಾರು ಎಂದು ಆ ವೆಬ್‌ಸೈಟು ಕೇಳಲೇ ಇಲ್ಲ. ನನ್ನ ಗಂಡನ ಹೆಸರು, ವಯಸ್ಸು, ಕಾಯಿಲೆ ಎಲ್ಲ ತೆರೆದುಕೊಂಡಿತು. ಸಂಜೆಯೊಳಗೆ ಬೀದಿಯ ಬಾಯಲ್ಲೆಲ್ಲ ಅದೇ.

ಡಾಕ್ಟರು ಒಪ್ಪಿದ ಮೇಲೆ ಅಂಗಡಿ ತೆರೆದರು. ಒಂದು ನರಪಿಳ್ಳೆಯೂ ಬರಲಿಲ್ಲ. ಚಪ್ಪಲಿಯವನು ಮಾತ್ರ ರಸ್ತೆಯಲ್ಲೇ ನಿಂತು, "ಏನಣ್ಣಾ, ಬೆನ್ನು ಕೆಮ್ಮುತ್ತಾ ಈಗ?" ಎಂದು ಹಲ್ಲು ಕಿರಿದ. ಅವನ ಬಂಡವಾಳವೆಲ್ಲ ಇವರಿಗೆ ಗೊತ್ತಿತ್ತು. ಒಂದನ್ನಾದರೂ ಹೇಳಿ, ಬೀದಿಯಲ್ಲಿ ಕೂಗುತ್ತೇನೆ ಎಂದೆ. ಹೇಳಲಿಲ್ಲ. ಆ ಸಿಟ್ಟು ನನಗೆ ಇವರ ಮೇಲೂ ಇದೆ.

ಡಾಕ್ಟರು ಮತ್ತೆ ಪರೀಕ್ಷೆಗೆ ಕರೆದಾಗ ಇವರು ಹೋಗಲಿಲ್ಲ. "ಇನ್ನೊಂದ್ಸಲ ಬೆತ್ತಲೆ ಆಗ್ಬೇಕಾ?" ಎಂದರು. ಮಾತ್ರೆಯನ್ನೂ ಬಿಟ್ಟರು. ಬೈದೆ, ಕಾಲು ಹಿಡಿದೆ. ವಾಸಿಯಾಗುವ ಕಾಯಿಲೆಯಲ್ಲಿ ಸತ್ತರು.

ಈಗ ನನಗೂ ಕೆಮ್ಮು. ಹತ್ತಿರ ಬೇರೆ ಲ್ಯಾಬಿಲ್ಲ, ಅಲ್ಲಿಗೇ ಹೋದೆ. ಕೌಂಟರಿನವಳು ಮೊಬೈಲ್ ನಂಬರು ಕೇಳಿದಳು. ಮ್ಯಾನೇಜರನ್ನು ಕರೆಸಿ, ಆ ದಾರಿ ಮುಚ್ಚಿದ್ದೀರಾ ಎಂದೆ. ಯಾರೋ ನಂಬರು ಬದಲಾಯಿಸಿದರೆ ನಾವೇನು ಮಾಡೋಣಮ್ಮ, ಸಾಫ್ಟ್‌ವೇರಿನವರಿಗೆ ಹೇಳಿದ್ದೇವೆ ಎಂದ. ಗಂಡನ ಮೊಬೈಲು ತೆಗೆದು ಅದರಲ್ಲಿದ್ದ ಹಳೇ ಲಿಂಕಿನ ಒಂದಂಕಿ ಬದಲಿಸಿದೆ. ಯಾರೋ ಹೆಂಗಸಿನ ಬಸಿರಿನ ರಿಪೋರ್ಟು ಬಂತು. ಅವನ ಮೂಗಿನ ಮುಂದೆ ಹಿಡಿದೆ.

"ಇದು ನಿಮ್ಮ ತಂಗಿದಾಗಿದ್ರೆ ಹೀಗೇ ಮಾತಾಡ್ತಿದ್ರಾ? ನಂದು ಕಾಗದದಲ್ಲಿ ಬರೆದು ಕೈಗೆ ಕೊಡಿ. ಕಂಪ್ಯೂಟರಿಗೆ ಹಾಕೋದಾದ್ರೆ ಕಫ ಕೊಡಲ್ಲ."

ಹಾಗೆಲ್ಲ ಆಗುವುದಿಲ್ಲ ಎಂದ. ಕಫಕ್ಕೆಂದು ಕೊಟ್ಟಿದ್ದ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತೆ. ಬಾಯಿಗೆ ಬಟ್ಟೆ ಒತ್ತಿ ಕೆಮ್ಮುತ್ತಾ ಅವನನ್ನೇ ನೋಡಿದೆ. ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ತಮ್ಮ ರಿಪೋರ್ಟಿನ ಗತಿ ಏನೆಂದು ಕೇಳತೊಡಗಿದರು. ಆಗ ಅವನು ಪೆನ್ನು ಹುಡುಕಿದ.