ಬ್ಯಾಡಗಿಯ ಸ್ಟುಡಿಯೋದಲ್ಲಿ ಅಜ್ಜನ ಫೋಟೋ

ಅಜ್ಜ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದು ನಿಜವೋ, ನಾನೇ ಕಲ್ಪಿಸಿಕೊಂಡಿದ್ದೋ, ಹೇಳಲಾರೆ. ಅವನದೆಂದು ನನ್ನಲ್ಲಿ ಉಳಿದಿರುವುದು ಆ ಒಂದೇ ನೆನಪು.

ಹುಟ್ಟಿದೂರಿನ ಹಳೆಯ ಫೋಟೋಗಳನ್ನು ನೋಡಲೆಂದು ಬ್ಯಾಡಗಿಯಲ್ಲಿ ಇಳಿದು, ಮೆಣಸಿನಕಾಯಿ ಘಾಟಿಗೆ ಸೀನುತ್ತ ಸ್ಟುಡಿಯೋ ಹೊಕ್ಕೆ. ಮುದುಕ ಫೋಟೋಗ್ರಾಫರ್ ಹುಸೇನಸಾಬರು ಅಜ್ಜನ ಹೆಸರು ಕೇಳಿದ್ದೇ ಒಂದು ಚಿತ್ರ ಹುಡುಕಿ ಮುಂದಿಟ್ಟರು. ವಿಭೂತಿ, ಹೂಮಾಲೆ ಧರಿಸಿ ಕುಳಿತ ಅಜ್ಜ. ಪಕ್ಕದಲ್ಲಿ ಪುಟ್ಟ ನಾನು.

"ಅವತ್ತು ಮನ್ಯಾಗ ಏನ್ ಹಬ್ಬ ಇತ್ರಿ?" ಎಂದೆ.

"ಹಬ್ಬ ಎಲ್ಲೀದ್ರಿ ಸರ! ಜೀವ ಹೋದಮ್ಯಾಲ ಕುಂದ್ರಿಸಿ ತಗದದ್ದು. ಇದ್ದಾಗ ಫೋಟೋ ಅಂದ್ರ ಎದ್ದು ಓಡತಿದ್ರು. ಅವತ್ತೊಂದಿನ ಅಲುಗಾಡಲಿಲ್ಲ ನೋಡ್ರಿ."

ಅವರು ನಕ್ಕರು. ನನ್ನ ಬಲಗೈ ತಣ್ಣಗಾಯಿತು. ಫೋಟೋ ಇಸಿದುಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ಆ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

ಮನೆಗೆ ಬಂದು ಭೂತಗನ್ನಡಿ ಹಿಡಿದು ನೋಡಿದೆ. ಅಜ್ಜನ ಮುಷ್ಟಿಯೊಳಗೆ ನನ್ನ ಬೆರಳುಗಳಿದ್ದವು.