ಗೆಡ್ಡೆಯ ಹಸಿವು

ನನ್ನ ದಡ್ಡತನವನ್ನು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಮುಟ್ಟಲೇಬಾರದೆಂದಿದ್ದ ಅತ್ತೆಗೆ ದಿನವೂ ಸಕ್ಕರೆ ಕುಡಿಸಿದವನು ನಾನು. ಸತ್ತವರ ದೆವ್ವ ಕುಲಿಯ, ಪಿಶಾಚಿ ಎಂದವರನ್ನೆಲ್ಲ ಗೇಲಿ ಮಾಡುತ್ತಿದ್ದ ಮಹಾ ಬುದ್ಧಿವಂತನೂ ನಾನೇ.

ಇಂಗ್ಲಿಷರ ಕಾಲ. ಪೊನ್ನಂಪೇಟೆಯ ಡಿಸ್ಪೆನ್ಸರಿಯಲ್ಲಿ ನಾನು ಕಾಂಪೌಂಡರ್. ಕಹಿ ಔಷಧಿಗೆಲ್ಲ ಸಕ್ಕರೆ ಪಾಕ ಸುರಿಯುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಅದರಿಂದಲೇ "ಕೈಗುಣ ಉಂಟು" ಎಂಬ ಹೆಸರು ಬಂದು, ಡಾಕ್ಟರಿಗಿಂತ ಒಂದು ಗೇಣು ಎತ್ತರ ನಡೆಯುತ್ತಿದ್ದೆ.

ಅಪ್ಪನ ತಂಗಿ, ಕಕ್ಕಬೆಯ ಪಾರ್ವತಿ ಅತ್ತೆ, ಕುತ್ತಿಗೆಯಲ್ಲಿ ಗೆಡ್ಡೆ ಎದ್ದು ನಮ್ಮ ಮನೆಗೆ ಬಂದರು. ಕ್ಯಾನ್ಸರ್, ಕತ್ತಿ ತಾಗಿಸುವಂತಿಲ್ಲ ಎಂದರು ಡಾಕ್ಟರು. ಅಂಥ ಗೆಡ್ಡೆ ಉಳಿದ ಮೈಗಿಂತ ಹೆಚ್ಚು ಸಕ್ಕರೆ ನುಂಗುತ್ತದೆಂದು ಯಾರೋ ಜರ್ಮನ್ ವಿಜ್ಞಾನಿ ಬರೆದದ್ದನ್ನು ಅವರು ಓದಿದ್ದರು. "ಅದನ್ನು ಉಪವಾಸ ಕೆಡವಿ ನೋಡುವ. ಬೇರೆ ದಾರಿ ಇಲ್ಲ." ಅನ್ನ, ಬೆಲ್ಲ, ಜೇನು ಎಲ್ಲ ಬಂದ್. ನೋವಿಗೆ ದಿನವೂ ನಾನೇ ಕಲಸಿ ಕುಡಿಸುವ ಕಹಿ ಔಷಧಿಯೊಂದು ಮಾತ್ರ.

"ಅದಕ್ಕೂ ಸಿಹಿ ಇಷ್ಟವಾ ಡಾಕ್ಟ್ರೆ? ಹಾಗಾದ್ರೆ ನಮ್ಮ ಪೈಕಿಯೇ!" ಎಂದು ನಕ್ಕೆ. ಅವರು ನಗಲಿಲ್ಲ.

ಸುಗ್ಗಿಯ ಹಬ್ಬ ಪುತ್ತರಿ ಬಂತು. ಮನೆಮಂದಿಯೆಲ್ಲ ಹೊಸ ಅಕ್ಕಿಯ ಪಾಯಸ ಉಣ್ಣುವಾಗ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮರುದಿನ ಮಧ್ಯಾಹ್ನ ಔಷಧಿ ಕುಡಿಸಲು ಅವರ ಕುತ್ತಿಗೆಗೆ ಕೈ ಆನಿಸಿದೆ. ಒಂದು ಗುಟುಕು ಇಳಿಯಿತು. ಕಲ್ಲಿನಂತಿದ್ದ ಗೆಡ್ಡೆ ನನ್ನ ಅಂಗೈಯಲ್ಲಿ ಬಿಸಿಯಾಗಿ, ಕೆಚ್ಚಲಿಗೆ ಬಾಯಿ ಹಾಕಿದ ಕರುವಿನ ಹಾಗೆ ಜಗ್ಗತೊಡಗಿತು. ಅತ್ತೆಯ ಕೈ ಮಾತ್ರ ತಣ್ಣಗಿತ್ತು. ಹೆದರಿ ಬರಿ ನೀರು ಕುಡಿಸಿದೆ, ಗೆಡ್ಡೆ ಸುಮ್ಮನಾಯಿತು. ಮತ್ತೆ ಔಷಧಿ ಕೊಟ್ಟೆ, ಮತ್ತೆ ಜಗ್ಗಿತು. ಆಗ ಶೀಶೆಯ ಬಾಯಿ ನೆಕ್ಕಿ ನೋಡಿದೆ. ಅಭ್ಯಾಸಬಲದಿಂದ ಅದಕ್ಕೂ ಪಾಕ ಸುರಿದಿದ್ದೆ. ಅತ್ತೆಯನ್ನು ಹಸಿವಿನಲ್ಲಿ ಕೆಡವಿ, ಅವರನ್ನು ತಿನ್ನುತ್ತಿದ್ದ ಗೆಡ್ಡೆಗೆ ಊಟ ಬಡಿಸಿದ ಕೈಗುಣ!

ಡಾಕ್ಟರು ಬೈದರು. ಗೆಡ್ಡೆ ಅಷ್ಟು ಬೇಗ ಉಣ್ಣುವುದಿಲ್ಲ, ನಿನ್ನದೇ ನಾಡಿ ನಿನಗೆ ತಾಗಿದ್ದು ಎಂದರು. ಇರಬಹುದು. ಆದರೆ ನೀರು ಯಾವುದು, ಪಾಕ ಯಾವುದು ಎಂದು ನನ್ನ ನಾಡಿಗೆ ಹೇಗೆ ತಿಳಿಯಿತು?

ಪಾಕ ನಿಲ್ಲಿಸಿದರೂ ಅತ್ತೆ ಉಳಿಯಲಿಲ್ಲ. ಕೊನೆಯ ವಾರ, ತಪ್ಪಾಯಿತೆಂದು ನಾನು ಅತ್ತಾಗ ಅವರು ಹೇಳಿದ್ದಿಷ್ಟು:

"ನಂಗೆ ಮೊದಲ ದಿನವೇ ಗೊತ್ತಿತ್ತು ಮಗ. ಹೇಳಿದ್ರೆ ಆ ಸಿಹಿಯನ್ನೂ ನಿಲ್ಲಿಸ್ತಿದ್ದಿ. ಕುಡಿದದ್ದೆಲ್ಲ ಈ ಗೆಡ್ಡೆಯೇ. ನಂಗೆ ಸಿಕ್ಕಿದ್ದು ರುಚಿ ಮಾತ್ರ."